ಜುಟ್ಟಿಗೆ ಹನ್ನೆರಡು ತಂತಿ

ಹಳೆಯ ಏರ್-ಕೂಲ್ಡ್ ಪೋರ್ಷೆ 911ರ ಹಿಂಬದಿ ಮುಚ್ಚಳ ಎತ್ತಿದಾಗ ಡಿಸ್ಟ್ರಿಬ್ಯೂಟರ್‌ನಿಂದ ಪ್ಲಗ್‌ಗಳಿಗೆ ಆರರ ಬದಲು ಹನ್ನೆರಡು ತಂತಿ ಹೊರಟಿದ್ದರೆ ಸುತ್ತ ನಿಂತವರ ದನಿ ತಗ್ಗುತ್ತದೆ. ಟ್ವಿನ್-ಪ್ಲಗ್ ಪರಿವರ್ತನೆಗೆ ಸಲ್ಲುವ ಈ ಭಕ್ತಿ ಬಹುಪಾಲು ಎರವಲು. 1973ರ ರೇಸ್ ಕಾರು ಆರ್‌ಎಸ್‌ಆರ್ ಗಳಿಸಿದ ಹೆಸರನ್ನು ಸಾಧಾರಣ ಎಂಜಿನ್‌ಗಳು ಮೆರೆಸುತ್ತಿವೆ.

ಎರಡು ಕಿಡಿ ಏಕೆಂದು ವಿವರಿಸಬೇಕಿಲ್ಲ. ಎರಡು ಪ್ಲಗ್‌ನ ಪಲ್ಸರ್ ಬೈಕ್ ಓಡಿಸಿದವರಿಗೂ ಅದು ಗೊತ್ತು. ಯಾರಿಗೆ ಬೇಕು ಎಂಬುದೇ ಪ್ರಶ್ನೆ. ಪೋರ್ಷೆ ಅದಕ್ಕೆ ಆಗಲೇ ಉತ್ತರಿಸಿದೆ. ರಸ್ತೆಗಿಳಿದ ಕರೇರಾ ಆರ್‌ಎಸ್ 2.7ರ ಕಂಪ್ರೆಷನ್ 8.5, ಒಂದೇ ಪ್ಲಗ್. ಆರ್‌ಎಸ್‌ಆರ್ 2.8ರದ್ದು 10.3, ಎರಡು ಪ್ಲಗ್. ಪಿಸ್ಟನ್ನಿನ ತಲೆ ಗುಡ್ಡದಂತೆ ಎದ್ದಾಗ ಒಂದು ಬದಿಯ ಜ್ವಾಲೆ ಇನ್ನೊಂದು ಬದಿಗೆ ತಲುಪಲು ತಿಣುಕುತ್ತದೆ. ಗುಡ್ಡವೇ ಇಲ್ಲದ ಕಡೆ ಹೆಡ್ ಕೊರೆಸುವುದು ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿದಂತೆ.

ನನ್ನ ಮುಖ್ಯ ತಕರಾರು ಡಿಸ್ಟ್ರಿಬ್ಯೂಟರ್ ಕ್ಯಾಪಿನ ಕೆಳಗಿದೆ. ಎರಡು ಕಡೆಯಿಂದ ಹೊತ್ತಿದ ಮಿಶ್ರಣ ಬೇಗ ಉರಿದು ಮುಗಿಯುತ್ತದೆ. ಹಾಗಾಗಿ ಕಿಡಿ ತಡವಾಗಿ ಬೀಳಬೇಕು. ಒಂಟಿ ಪ್ಲಗ್‌ಗೆ ಪೂರ್ಣ ಅಡ್ವಾನ್ಸ್ (ಪಿಸ್ಟನ್ ಮೇಲ್ತುದಿ ಮುಟ್ಟುವ ಎಷ್ಟು ಮೊದಲು ಕಿಡಿ ಬೀಳಬೇಕೆಂಬ ಅಳತೆ) ಸುಮಾರು 35 ಡಿಗ್ರಿ ಬೇಕಿದ್ದಲ್ಲಿ ಜೋಡಿಗೆ 25ರ ಆಸುಪಾಸು ಸಾಕು. ಕ್ರಾಂಕಿನ ಅರ್ಧ ವೇಗದಲ್ಲಿ ತಿರುಗುವ ಡಿಸ್ಟ್ರಿಬ್ಯೂಟರ್‌ನಲ್ಲಿ ಈ ಹತ್ತು ಡಿಗ್ರಿ ಐದೇ ಡಿಗ್ರಿ. ಹಾಗೆಂದು ಅದರ ಬಾಡಿಯನ್ನೇ ಐದು ಡಿಗ್ರಿ ಹಿಂದಕ್ಕೆ ತಿರುಗಿಸಿದರೆ ಐಡ್ಲಿಂಗ್‌ನ ಕಿಡಿಯೂ ಅಷ್ಟೇ ಹಿಂದೆ ಸರಿಯುತ್ತದೆ: ಪಿಸ್ಟನ್ ಮೇಲ್ತುದಿ ಮುಟ್ಟುವ 5 ಡಿಗ್ರಿ ಮೊದಲು ಬೀಳುತ್ತಿದ್ದದ್ದು 5 ಡಿಗ್ರಿ ದಾಟಿದ ಮೇಲೆ ಬೀಳುತ್ತದೆ. ಎಂಜಿನ್ ಸೊರಗುತ್ತದೆ, ಕಾಯುತ್ತದೆ. ತಿರುಗಿಸದೆ ಬಿಟ್ಟರೆ ಒತ್ತಡ ಬೇಗ ಏರಿ ನಾಕಿಂಗ್ ಕಾದಿರುತ್ತದೆ. ಕುಗ್ಗಬೇಕಾದದ್ದು ಐಡ್ಲಿಂಗ್‌ಗೂ ಪೂರ್ಣ ವೇಗಕ್ಕೂ ನಡುವಿನ ಅಂತರ. ಅದನ್ನು ಕಾಯುವುದು ತೂಕದ ಬಿಲ್ಲೆಗಳು, ಸ್ಪ್ರಿಂಗ್‌ಗಳು, ಅವುಗಳ ಚಲನೆಗಿರುವ ತಡೆ. ಹೊಗಳುವವರ ಲೇಖನಗಳಲ್ಲಿ ತಂತಿಯ ಬಣ್ಣಕ್ಕೆ ಸಿಗುವ ಜಾಗ ಈ ತಡೆಗೆ ಸಿಗುವುದಿಲ್ಲ.

ಡಿಸ್ಟ್ರಿಬ್ಯೂಟರನ್ನೇ ಕಿತ್ತು ಕಾಯಿಲ್ ಪ್ಯಾಕ್ ಕೂರಿಸಿ ಎನ್ನುವ ಪಂಡಿತರೂ ಇದ್ದಾರೆ. ಅವರ ಸಾಕ್ಷಿ 911ರದೇ 1989ರ 964 ಮಾದರಿ: ಜೋಡಿ ಡಿಸ್ಟ್ರಿಬ್ಯೂಟರ್, ನಡುವೆ ಪುಟ್ಟ ಬೆಲ್ಟ್. ಕಿಡಿಯಿಂದ ಹುಟ್ಟಿದ ಓಝೋನ್ ಒಳಗೇ ಉಳಿದು ಬೆಲ್ಟನ್ನು ತಿಂದದ್ದು ನಿಜ. ಗಾಳಿಯಾಡಲು ದಾರಿ ಮಾಡಬೇಕಾಯಿತು. ಆದರೆ ಅವರು ಬೈಯುವುದು ರಬ್ಬರನ್ನು, ಎಸೆಯುವುದು ಬಿಲ್ಲೆ-ಸ್ಪ್ರಿಂಗನ್ನು! ಎಲೆಕ್ಟ್ರಾನಿಕ್ ಪೆಟ್ಟಿಗೆಯಲ್ಲಿ ಅಡ್ವಾನ್ಸನ್ನು ಬೇಕಾದಂತೆ ಬರೆಯಬಹುದು, ಒಪ್ಪುತ್ತೇನೆ. ಇನ್ಯಾರದೋ ಎಂಜಿನ್ನಿನ ಅಂಕಿಗಳನ್ನು ಅದಕ್ಕೆ ತುಂಬಿದವರು ಹಳೆಯ ತಪ್ಪನ್ನೇ ಹೊಸ ಪೆಟ್ಟಿಗೆಗೆ ಸಾಗಿಸಿರುತ್ತಾರೆ.

ಎತ್ತರದ ಪಿಸ್ಟನ್ನಿಗೆ ಎರಡು ಪ್ಲಗ್ ಹಾಕಿದವರ ಜಾಣ್ಮೆಗೆ ನನ್ನ ನಮಸ್ಕಾರ. ಉಳಿದವರು ಹನ್ನೆರಡು ತಂತಿ ತೋರಿಸಿದಾಗ ಕ್ಯಾಪ್ ತೆಗೆಸಿ ಒಂದೇ ಮಾತು ಕೇಳುತ್ತೇನೆ: ಆ ತಡೆಯನ್ನು ತಿದ್ದಿದವರು ಯಾರು?