ಪುಸ್ತಕ ವಿಮರ್ಶೆ: ಗಿಡ ಯಾರದು, ಹೆಸರು ಯಾರದು?

ಹಳೆಯ ಸಸ್ಯಚಿತ್ರಗಳಿಗೆ ಈಗ ನಮ್ಮವರ ಮನೆಗೋಡೆಗಳಲ್ಲೂ ಜಾಗ ಸಿಕ್ಕಿದೆ. ಊಟದ ಕೋಣೆಯಲ್ಲಿ ಫ್ರೇಮು ಹಾಕಿದ ಬಾಳೆ, ಮೆಟ್ಟಿಲ ಬಳಿ ಮ್ಯಾಗ್ನೋಲಿಯಾ. ನೋಡಲು ಚೆಂದವೇ. ಆದರೆ ಅವು ಯಾವ ಪುಸ್ತಕದ ಹಾಳೆಗಳೆಂದು ವಿಚಾರಿಸುವವರು ಕಡಿಮೆ. ಈ ಸಲ ಅಂಥ ಎರಡು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಒಂದು ನಾವು ಬಂದು ನೆಲೆಸಿದ ಕೆರೊಲಿನಾದ್ದು, ಇನ್ನೊಂದು ನಾವು ಬಿಟ್ಟು ಬಂದ ಪಡುವಣ ಕರಾವಳಿಯದು.

ಮಾರ್ಕ್ ಕೇಟ್ಸ್‌ಬಿ 1722ರಲ್ಲಿ ಚಾರ್ಲ್ಸ್‌ಟನ್‌ಗೆ ಬಂದಿಳಿದ ಇಂಗ್ಲಿಷ್ ನಿಸರ್ಗಪ್ರೇಮಿ. ಕೆರೊಲಿನಾ, ಫ್ಲಾರಿಡಾ, ಬಹಾಮಾ ದ್ವೀಪಗಳ ಗಿಡಮರ, ಪ್ರಾಣಿಪಕ್ಷಿಗಳ ಬಗೆಗಿನ ಆತನ ಗ್ರಂಥ 1729ರಿಂದ 1747ರವರೆಗೆ ಕಂತುಗಳಲ್ಲಿ ಹೊರಬಂತು. ಅದರಲ್ಲಿ 220 ಬಣ್ಣದ ಚಿತ್ರಗಳಿವೆ. ಕೆತ್ತನೆಗಾರರಿಗೆ ಕೊಡಲು ಹಣವಿಲ್ಲದೆ ತಾನೇ ತಾಮ್ರದ ತಗಡಿನ ಮೇಲೆ ಕೆತ್ತಲು ಕಲಿತ. ಹಕ್ಕಿಯನ್ನು ಅದು ಕೂರುವ ಗಿಡದೊಡನೆ ಬರೆದದ್ದು ಆತನ ಹೆಚ್ಚುಗಾರಿಕೆ. ಅಳತೆಯಲ್ಲಿ ಮಾತ್ರ ಎಡವುತ್ತಾನೆ: ಒಂದು ಹಾಳೆಯಲ್ಲಿ ಬೈಸನ್‌ಗೂ ಪಕ್ಕದ ಹೂಗೊಂಬೆಗೂ ತಾಳೆಯೇ ಇಲ್ಲ. ನಮಗೆ ಹೆಚ್ಚು ಕೊರತೆ ಎನಿಸುವುದು ಬೇರೊಂದು. ಬಣ್ಣದ ಪೆಟ್ಟಿಗೆ ಹೊತ್ತು ಜೊತೆಗೆ ಕಾಡು ಸುತ್ತಿದ ಮೂಲನಿವಾಸಿಯ ಪ್ರಸ್ತಾಪ ಪುಸ್ತಕದಲ್ಲಿದೆ, ಆತನ ಹೆಸರಿಲ್ಲ.

ಇನ್ನು 'ಹೋರ್ಟಸ್ ಮಲಬಾರಿಕಸ್'. ಕೊಚ್ಚಿಯ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಮಾಡಿಸಿದ ಹನ್ನೆರಡು ಸಂಪುಟಗಳು, ಆಮ್‌ಸ್ಟರ್‌ಡ್ಯಾಂನಲ್ಲಿ 1678ರಿಂದ 1693ರವರೆಗೆ ಅಚ್ಚಾದವು. ಚಿತ್ರಗಳು ಏಳುನೂರಕ್ಕೂ ಹೆಚ್ಚು. ಮೊದಲನೆಯ ಸಂಪುಟ ಆರಂಭವಾಗುವುದೇ 'ತೆಂಗ'ದಿಂದ. ಅದರ ಹಿಂದೆಯೇ 'ಕೌಂಗ', ಅಂದರೆ ಅಡಿಕೆ. ಕಾಸರಗೋಡು, ಪುತ್ತೂರು ಕಡೆಯವರು ಇಂದಿಗೂ ಅದನ್ನು ಕಂಗು ಎನ್ನುತ್ತಾರಲ್ಲವೇ? ಲ್ಯಾಟಿನ್ ಪುಸ್ತಕ ನಮ್ಮ ತೋಟದ ಮಾತು ಆಡಿದ ಹಾಗಾಗುತ್ತದೆ. ಚಿತ್ರಗಳ ಮೇಲೆ ಗಿಡದ ಹೆಸರು ಮಲಯಾಳ, ಅರಬ್ಬಿ, ನಾಗರಿ ಲಿಪಿಗಳಲ್ಲೂ ಇದೆ. ಕನ್ನಡ ಲಿಪಿ ಇಲ್ಲ.

ಈ ಗ್ರಂಥದ ದೊಡ್ಡತನ ಎಲ್ಲಿದೆ ಎಂದರೆ, ಗಿಡಗಳ ಗುಣ ಹೇಳಿಕೊಟ್ಟ ವೈದ್ಯರ ಹೆಸರು ಇಲ್ಲಿ ಅಚ್ಚಾಗಿದೆ. ಈಳವ ವೈದ್ಯ ಇಟ್ಟಿ ಅಚ್ಚುದನ್, ಕೊಂಕಣಿಗರಾದ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ, ಇವರು 1675ರಲ್ಲಿ ತಮ್ಮ ತಮ್ಮ ಲಿಪಿಯಲ್ಲಿ ಬರೆದುಕೊಟ್ಟ ಪ್ರಮಾಣಪತ್ರಗಳು ಮೊದಲ ಸಂಪುಟದಲ್ಲೇ ಇವೆ. ಆದರೂ ಮುಖಚಿತ್ರದಲ್ಲಿ ನಮ್ಮ ಜನ ಮಂಡಿಯೂರಿ ಗಿಡದ ಕುಂಡಗಳನ್ನು ಒಪ್ಪಿಸುತ್ತಿದ್ದಾರೆ. ಒಳಗೆ ಗುರುಗಳು, ಹೊರಗೆ ಸೇವಕರು. ಈ ವಿರೋಧವನ್ನು ಮುಚ್ಚಿಡದೆ ಓದಬೇಕು. ಪ್ರೊ. ಕೆ. ಎಸ್. ಮಣಿಲಾಲ್ ದಶಕಗಳ ಕಾಲ ದುಡಿದು ಮಾಡಿದ ಇಂಗ್ಲಿಷ್ ಅನುವಾದವನ್ನು ಕೇರಳ ವಿಶ್ವವಿದ್ಯಾಲಯ 2003ರಲ್ಲಿ ತಂದಿತು. ಅವರು 2025ರಲ್ಲಿ ತೀರಿಕೊಂಡರು.

ಕನ್ನಡ ನಾಡಿನಲ್ಲೂ ಇಂಥ ಕೆಲಸ ನಡೆದಿತ್ತು. 1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದ ಡಾಕ್ಟರ್ ಹ್ಯೂ ಕ್ಲೆಗಾರ್ನ್ ಸ್ಥಳೀಯ ಚಿತ್ರಗಾರನಿಂದ ಗಿಡಗಳ ಚಿತ್ರ ಬರೆಸಿದ. ಅವು ಎಡಿನ್‌ಬರೋ ಸಸ್ಯೋದ್ಯಾನದಲ್ಲಿವೆ. ಕ್ಲೆಗಾರ್ನ್ ಹೆಸರು ಉಳಿಯಿತು, ಬರೆದ ಕೈಯ ಹೆಸರು ಉಳಿಯಲಿಲ್ಲ.

ಸಂಗ್ರಹಿಸುವ ಆಸೆಯುಳ್ಳ ಸದಸ್ಯರಲ್ಲಿ ಒಂದು ಮಾತು. ಮೂಲ ಗ್ರಂಥಗಳು ತುಂಬಾ ದುಬಾರಿ. ಬಿಡಿ ಹಾಳೆ ಅಗ್ಗಕ್ಕೆ ಸಿಗುತ್ತದೆ, ಏಕೆಂದರೆ ಎಷ್ಟೋ ವೇಳೆ ಯಾರೋ ಇಡೀ ಪುಸ್ತಕವನ್ನು ಬಿಚ್ಚಿ ಮಾರಿರುತ್ತಾರೆ. ಆಗ ಚಿತ್ರ ಉಳಿಯುತ್ತದೆ, ವೈದ್ಯರ ಪತ್ರ ಕಳೆದುಹೋಗುತ್ತದೆ. ವರ್ಜೀನಿಯಾದ ಅಪ್ಪರ್‌ವಿಲ್‌ನಲ್ಲಿ ರೇಚಲ್ ಮೆಲನ್ (1910–2014) ಇಂಥ ಪುಸ್ತಕಗಳನ್ನು ಕೂಡಿಸಿ ಓಕ್ ಸ್ಪ್ರಿಂಗ್ ಗ್ರಂಥಾಲಯವನ್ನೇ ಕಟ್ಟಿದರು. ನಮಗೆ ಅಷ್ಟು ಅನುಕೂಲವಿಲ್ಲ, ಬೇಕಾಗಿಯೂ ಇಲ್ಲ. 'ಹೋರ್ಟಸ್' ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯ ಮೂಲಕ ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುತ್ತದೆ.

ಬೇಸಿಗೆಗೆ ಊರಿನಿಂದ ಬರುವ ಅಪ್ಪ ಅಮ್ಮಂದಿರನ್ನು ಮಕ್ಕಳ ಜೊತೆ ಅದರ ಮುಂದೆ ಕೂರಿಸಿ. ಗಿಡ ಗುರುತಿಸಿ ಅವರು ಹೇಳುವ ಕನ್ನಡ ಹೆಸರು, ಮನೆಮದ್ದು ಬರೆದಿಡಿ. ಪಕ್ಕದಲ್ಲಿ ಹೇಳಿದವರ ಹೆಸರನ್ನೂ ತಪ್ಪದೆ ಬರೆಯಿರಿ.