ಗ್ಲುಟನ್ ಇಲ್ಲ, ಸಕ್ಕರೆ ಇಲ್ಲ, ಅಮಲು ಎಷ್ಟು?

ಅಮೆರಿಕದ ಡೆನ್ವರಿನಲ್ಲೋ ಓಕ್‌ಲ್ಯಾಂಡಿನಲ್ಲೋ ಪರವಾನಗಿ ಪಡೆದ ಗಾಂಜಾ ಅಂಗಡಿಗೆ ಕಾಲಿಟ್ಟರೆ ಗಾಜಿನ ಕಪಾಟಿನ ತುಂಬ ಗಮ್ಮಿ, ಚಾಕೊಲೇಟು, ಕುಕಿ, ಸೋಡಾ. ಪೊಟ್ಟಣಗಳ ಮೇಲೆ ‘ವೀಗನ್’, ‘ಗ್ಲುಟನ್ ಮುಕ್ತ’, ‘ಸಕ್ಕರೆರಹಿತ’, ‘ಕೀಟೊ’ ಎಂಬ ಬರಹಗಳು. ಪಥ್ಯದವರಿಗೆ, ಅಲರ್ಜಿಯವರಿಗೆ, ಮಾಂಸ ಮುಟ್ಟದವರಿಗೆ ಬೇರೆ ಬೇರೆ ಸಾಲುಗಳೇ ಇವೆ. ಈ ಬರಹಗಳಲ್ಲಿ ಕೆಲವು ನಿಜಕ್ಕೂ ಕೆಲಸಕ್ಕೆ ಬರುತ್ತವೆ, ಹಲವು ಬರೀ ಸಿಂಗಾರ. ತಿನ್ನುವವರ ಆರೋಗ್ಯಕ್ಕೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿಗಳಿಗೆ ಮಾತ್ರ ಅಲ್ಲಿ ದಪ್ಪ ಅಕ್ಷರ ಸಿಕ್ಕಿಲ್ಲ.

ಹಿಂದೆ ಇಂಥ ವಿಂಗಡಣೆಯೇ ಇರಲಿಲ್ಲ. 1954ರಲ್ಲಿ ಬಂದ ಆಲಿಸ್ ಬಿ. ಟೋಕ್ಲಸ್ ಅವರ ಅಡುಗೆ ಪುಸ್ತಕದಲ್ಲಿನ ಹಶೀಶ್ ಮಿಠಾಯಿ ಖರ್ಜೂರ, ಅಂಜೂರ, ಬಾದಾಮಿ, ಕಡಲೆಕಾಯಿ, ಬೆಣ್ಣೆಗಳ ಉಂಡೆ. ಗೋಧಿಯಿಲ್ಲದ ಅದಕ್ಕೆ ಇಂದಾದರೆ ‘ಗ್ಲುಟನ್ ಮುಕ್ತ’ ಚೀಟಿ ಅಂಟುತ್ತಿತ್ತು. ಕಡಲೆಕಾಯಿ ಅಲರ್ಜಿಯವರಿಗೆ ಅದೇ ಉಂಡೆ ಅಪಾಯ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಏಡ್ಸ್ ರೋಗಿಗಳಿಗೆ ಗಾಂಜಾ ಬ್ರೌನಿ ಹಂಚಿ ‘ಬ್ರೌನಿ ಮೇರಿ’ ಎಂದೇ ಹೆಸರಾದ ಮೇರಿ ಜೇನ್ ರಾಥ್‌ಬನ್ ಕಾಲದಲ್ಲೂ ಪೊಟ್ಟಣ, ಚೀಟಿಗಳ ಮಾತಿರಲಿಲ್ಲ. ಕೊಲರಾಡೊದಲ್ಲಿ 2014ರ ಜನವರಿ 1ರಂದು ವಯಸ್ಕರಿಗೆ ಮಾರಾಟ ಶುರುವಾದ ಮೇಲೆ ತಿನಿಸು ಉದ್ಯಮವಾಯಿತು, ಉದ್ಯಮಕ್ಕೆ ಆರೋಗ್ಯದ ಭಾಷೆ ಬೇಕಾಯಿತು.

ಆ ಭಾಷೆಯ ಉಪಯೋಗದ ಭಾಗವನ್ನು ಮೊದಲು ಒಪ್ಪಿಕೊಳ್ಳಬೇಕು. ಗಮ್ಮಿಯ ಜಿಗುಟುತನ ಬರುವುದು ಜೆಲಟಿನ್‌ನಿಂದ, ಇಲ್ಲವೇ ಹಣ್ಣಿನ ಸಿಪ್ಪೆಯಿಂದ ತೆಗೆದ ಪೆಕ್ಟಿನ್‌ನಿಂದ. ಜೆಲಟಿನ್ ಎಂದರೆ ಹಂದಿ, ದನಗಳ ಚರ್ಮ, ಮೂಳೆ ಬೇಯಿಸಿ ತೆಗೆದದ್ದು. ಭಾರತದ ಪೊಟ್ಟಣದ ಹಸಿರು ಚುಕ್ಕೆ ನೋಡಿಯೇ ರೂಢಿಯಾದ, ಈಗ ಕ್ಯಾಲಿಫೋರ್ನಿಯಾದಲ್ಲೋ ಟೊರಾಂಟೊದಲ್ಲೋ ನೆಲೆಸಿರುವ ಕನ್ನಡಿಗ ಸಸ್ಯಾಹಾರಿಗೆ ಅಲ್ಲಿ ಆ ಚುಕ್ಕೆ ಸಿಗುವುದಿಲ್ಲ. ‘ಪೆಕ್ಟಿನ್’ ಎಂಬ ಒಂದು ಪದವನ್ನೇ ಅವರು ಹುಡುಕಬೇಕು.

ಅಲರ್ಜಿಯ ವಿಷಯ ಇನ್ನೂ ಗಂಭೀರ. ಗಾಂಜಾದ ಅಮಲಿನ ಅಂಶ ಟಿಎಚ್‌ಸಿ ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ಹಾಗಾಗಿ ತಯಾರಕರು ಬೆಣ್ಣೆ, ಕೊಬ್ಬರಿ ಎಣ್ಣೆ, ಅದರಿಂದ ತೆಗೆದ ಎಂಸಿಟಿ ಎಣ್ಣೆ ಬಳಸುತ್ತಾರೆ. ಎಲ್ಲ ಬೆರೆತು ನಿಲ್ಲಲೆಂದು ಸೋಯಾ ಅಥವಾ ಸೂರ್ಯಕಾಂತಿ ಲೆಸಿಥಿನ್ ಸೇರಿಸುತ್ತಾರೆ. ಗಾಂಜಾದ ಅಂಶಗಳ ಔಷಧಿಗಳೂ ಇದಕ್ಕೆ ಹೊರತಲ್ಲ. 1985ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮ್ಯಾರಿನಾಲ್ ಕ್ಯಾಪ್ಸೂಲಿನ ಒಳಗೂ, 2018ರಲ್ಲಿ ಅಪಸ್ಮಾರಕ್ಕೆಂದು ಬಂದ ಎಪಿಡಿಯೊಲೆಕ್ಸ್ ದ್ರವದಲ್ಲೂ ಇರುವುದು ಎಳ್ಳೆಣ್ಣೆ. ಎಳ್ಳು ಒಗ್ಗದವರಿಗೆ ಇವೆರಡೂ ವರ್ಜ್ಯ. ಇಂಥ ಕಡೆ ಸಣ್ಣಕ್ಷರದ ಪದಾರ್ಥಪಟ್ಟಿ ಜೀವ ಉಳಿಸಬಲ್ಲದು.

‘ಸಕ್ಕರೆರಹಿತ’ ಮಾತ್ರ ಈ ಗೌರವಕ್ಕೆ ಅರ್ಹವಲ್ಲ.

ಒಂದು ಗಮ್ಮಿಯಲ್ಲಿ ಸಾಮಾನ್ಯವಾಗಿ ಇರುವ ಸಕ್ಕರೆ ಎರಡರಿಂದ ನಾಲ್ಕು ಗ್ರಾಂ, ಅಂದರೆ ಕಾಫಿಗೆ ಹಾಕುವ ಒಂದು ಚಮಚಕ್ಕಿಂತ ಹೆಚ್ಚಲ್ಲ. ಅದರ ಬದಲು ಬರುವ ಮಾಲ್ಟಿಟಾಲ್ ಸಕ್ಕರೆಯಷ್ಟಲ್ಲದಿದ್ದರೂ ರಕ್ತದ ಗ್ಲೂಕೋಸನ್ನು ಏರಿಸುತ್ತದೆ, ಜಾಸ್ತಿಯಾದರೆ ಹೊಟ್ಟೆ ಕೆಡಿಸುತ್ತದೆ. ಇನ್ನೂ ದೊಡ್ಡ ವಿಡಂಬನೆ ಬೇರೆ ಇದೆ. ಏಡ್ಸ್ ರೋಗಿಗಳಿಗೆ ಹಸಿವು ಹೆಚ್ಚಿಸಲೆಂದೇ ವೈದ್ಯರು ಬರೆದುಕೊಡುವ ಮ್ಯಾರಿನಾಲ್‌ನಲ್ಲಿರುವುದೂ ಟಿಎಚ್‌ಸಿಯೇ. ಮಧುಮೇಹಿಯೊಬ್ಬರು ಎರಡು ಗ್ರಾಂ ಸಕ್ಕರೆ ತಪ್ಪಿಸಿಕೊಂಡು, ಗಂಟೆಯ ನಂತರ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೆರೆದು ಕೂತರೆ ಪಥ್ಯ ನಡೆಸಿದಂತಾಗದು.

ಸಕ್ಕರೆಗಿಂತ ಮುಖ್ಯವಾದದ್ದು ಅಮಲು ಏರುವ ಬಗೆ. ಹೊಗೆಯಾಗಿ ಎಳೆದ ಗಾಂಜಾ ಕೆಲವೇ ನಿಮಿಷಗಳಲ್ಲಿ ತಲೆಗೇರುತ್ತದೆ. ತಿಂದದ್ದು ಹೊಟ್ಟೆ ದಾಟಿ ಯಕೃತ್ತಿಗೆ ಹೋಗಿ, ಅಲ್ಲಿ 11-ಹೈಡ್ರಾಕ್ಸಿ-ಟಿಎಚ್‌ಸಿ ಎಂಬ ಇನ್ನಷ್ಟು ಬಲವಾದ ವಸ್ತುವಾಗಿ ಮಿದುಳು ಸೇರುತ್ತದೆ. ಅಮಲು ಏರಲು ಅರ್ಧ ಗಂಟೆಯಿಂದ ಎರಡು ಗಂಟೆ, ಇಳಿಯಲು ಆರೆಂಟು ಗಂಟೆ ಬೇಕು. ತಿಂದ ಊಟವೂ ಲೆಕ್ಕಕ್ಕೆ ಬರುತ್ತದೆ. ಅಮಲಿಲ್ಲದ ಸೋದರ ಅಂಶ ಸಿಬಿಡಿಯ ಕ್ಯಾಪ್ಸೂಲುಗಳನ್ನು ಮಿನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಅಪಸ್ಮಾರದ ರೋಗಿಗಳಿಗೆ ಕೊಟ್ಟು 2019ರಲ್ಲಿ ವರದಿ ಮಾಡಿದರು: ಖಾಲಿ ಹೊಟ್ಟೆಗಿಂತ ಜಿಡ್ಡಿನ ಊಟದ ಜೊತೆ ರಕ್ತದಲ್ಲಿನ ಗರಿಷ್ಠ ಮಟ್ಟ 14 ಪಟ್ಟು ಏರಿತ್ತು. ಇಷ್ಟು ಏರುಪೇರು ಮಾಡುವ ಸಂಗತಿಯನ್ನು ಜಿಡ್ಡೇ ಹೆಚ್ಚಿರುವ ಕೀಟೊ ಚಾಕೊಲೇಟಿನ ಪೊಟ್ಟಣ ಹೇಳುವುದಿಲ್ಲ.

ಹಾಲು, ಬಾದಾಮಿ ಹಾಕಿ ಭಂಗಿ ಅರೆಯುವ ಉತ್ತರ ಭಾರತದ ಥಂಡಾಯಿಯಲ್ಲಿ ಕೊಬ್ಬಿನ ಈ ಕೆಲಸ ಎಂದಿನಿಂದಲೂ ನಡೆದಿದೆ. ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆ ಗಾಂಜಾ, ಚರಸ್‌ಗಳನ್ನು ನಿಷೇಧಿಸಿ, ಹೂತುದಿಯಿಲ್ಲದ ಎಲೆ, ಬೀಜಗಳನ್ನು ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಆ ಎಲೆಯಿಂದ ಅರೆದ ಭಂಗಿಯ ಲೋಟಕ್ಕೆ ಮಾತ್ರ ಮಿಲಿಗ್ರಾಂ ಲೆಕ್ಕ ಬಂದಿಲ್ಲ.

ಲೆಕ್ಕ ಬರೆದಲ್ಲೂ ಅದು ಓದುವವರ ತಲೆಗೆ ಇಳಿಯಬೇಕಲ್ಲ. 2014ರಲ್ಲಿ ನ್ಯೂಯಾರ್ಕ್ ಟೈಮ್ಸ್ ಅಂಕಣಕಾರ್ತಿ ಮೌರೀನ್ ಡೌಡ್ ಡೆನ್ವರಿನ ಹೋಟೆಲಿನಲ್ಲಿ ಗಾಂಜಾ ಚಾಕೊಲೇಟು ತಿಂದು ಎಂಟು ಗಂಟೆ ಭ್ರಮೆಯಲ್ಲಿ ನರಳಿದರು. ಹೊಸಬರು ಅದನ್ನು 16 ತುಂಡು ಮಾಡಿ ತಿನ್ನಬೇಕಿತ್ತೆಂದು ಅವರಿಗೆ ತಿಳಿದದ್ದು ಆಮೇಲೆ. ಅದೇ ವರ್ಷ 19ರ ಯುವಕನೊಬ್ಬ 65 ಮಿಲಿಗ್ರಾಂ ಟಿಎಚ್‌ಸಿಯ ಕುಕಿಯಲ್ಲಿ ಅಂಗಡಿಯವರು ಹೇಳಿದಷ್ಟೇ ಸಣ್ಣ ಪಾಲು ತಿಂದ. ಒಂದು ಗಂಟೆಯೊಳಗೆ ಏನೂ ಅನ್ನಿಸದಿದ್ದಾಗ ಉಳಿದದ್ದನ್ನೂ ತಿಂದ. ಕೊನೆಗೆ ಬಾಲ್ಕನಿಯಿಂದ ಹಾರಿ ಸತ್ತ. ಒಂದು ಸರ್ವಿಂಗಿಗೆ 10 ಮಿಲಿಗ್ರಾಂ, ಪೊಟ್ಟಣಕ್ಕೆ 100 ಎಂಬ ಮಿತಿ ಕೊಲರಾಡೊದಲ್ಲಿ ಮೊದಲೇ ಇತ್ತು; ಆಮೇಲೆ ಅದು ನಿಯಮ ಬಿಗಿಗೊಳಿಸಿತು: ಪ್ರತಿ ಪಾಲೂ ಸುಲಭವಾಗಿ ಬೇರ್ಪಡುವಂತಿರಬೇಕು.

ಬರೆದ ಅಂಕಿಯನ್ನೂ ಆಗ ನಂಬುವಂತಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ, ಲಾಸ್ ಏಂಜಲಿಸ್, ಸಿಯಾಟಲ್‌ಗಳಲ್ಲಿ ಕೊಂಡ 75 ತಿನಿಸುಗಳ ಪರೀಕ್ಷೆಯ ಫಲ 2015ರಲ್ಲಿ ‘ಜಾಮಾ’ ವೈದ್ಯಪತ್ರಿಕೆಯಲ್ಲಿ ಬಂತು. ಟಿಎಚ್‌ಸಿ ಪ್ರಮಾಣ ಸರಿಯಿದ್ದದ್ದು ಶೇಕಡ 17ರಲ್ಲಿ ಮಾತ್ರ. ಶೇಕಡ 60ರಲ್ಲಿ ಬರೆದದ್ದಕ್ಕಿಂತ ಕಡಿಮೆ, ಶೇಕಡ 23ರಲ್ಲಿ ಹೆಚ್ಚು. ಅಂಕಿಯಷ್ಟೇ ಅಲ್ಲ, ಮುದ್ರೆಗಳ ಭರವಸೆಯೂ ಕಡಿಮೆ: ಅಮೆರಿಕದ ಒಕ್ಕೂಟದ ಕಾನೂನಿನಲ್ಲಿ ಗಾಂಜಾ ನಿಷಿದ್ಧವಾದ್ದರಿಂದ ಕೇಂದ್ರ ಕೃಷಿ ಇಲಾಖೆಯ ‘ಆರ್ಗ್ಯಾನಿಕ್’ ಮುದ್ರೆಯೂ ಇವಕ್ಕೆ ಸಿಗದು. ಹಾಗಾಗಿ ಕ್ಯಾಲಿಫೋರ್ನಿಯಾ ‘ಓಕ್ಯಾಲ್’ ಎಂಬ ತನ್ನದೇ ಮುದ್ರೆ ಹುಟ್ಟುಹಾಕಿತು.

2019ರ ಅಕ್ಟೋಬರಿನಲ್ಲಿ ತಿನಿಸಿಗೆ ಒಪ್ಪಿಗೆ ಕೊಟ್ಟ ಕೆನಡಾ ಪೊಟ್ಟಣದ ಬರಹದ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ. ಪೊಟ್ಟಣವೊಂದಕ್ಕೆ 10 ಮಿಲಿಗ್ರಾಂ ಟಿಎಚ್‌ಸಿಯೇ ಮಿತಿ. ಪೋಷಕಾಂಶ, ಪದಾರ್ಥ, ಅಲರ್ಜಿಗಳ ಪಟ್ಟಿ ಕಡ್ಡಾಯ. ಆರೋಗ್ಯಕ್ಕೆ ಒಳ್ಳೆಯದೆಂದೋ ಇಂಥ ಕಾಯಿಲೆಯವರ ಪಥ್ಯಕ್ಕೆ ಹೊಂದುತ್ತದೆಂದೋ ಹೇಳಿಕೊಳ್ಳುವಂತಿಲ್ಲ. ಒಳಗಿರುವುದನ್ನು ಹೇಳು, ಹೊಗಳಿಕೊಳ್ಳಬೇಡ ಎಂಬ ಈ ಧೋರಣೆ ಗ್ರಾಹಕರ ಪರವಾಗಿದೆ.

ಆಯ್ಕೆಯ ಕ್ರಮವನ್ನೂ ಹೀಗೆಯೇ ತಿರುವಿ ಹಾಕಬೇಕು. ಮೊದಲು ನೋಡಬೇಕಾದದ್ದು ತುಂಡಿಗೆ ಎಷ್ಟು ಮಿಲಿಗ್ರಾಂ ಎಂಬುದು; ಅಮೆರಿಕದ ಸಂಶೋಧನೆಗೆ 2021ರಲ್ಲಿ ಗೊತ್ತುಮಾಡಿದ ಪ್ರಮಾಣಿತ ಘಟಕವೇ 5 ಮಿಲಿಗ್ರಾಂ, ಹೊಸಬರಿಗೆ ಅದೂ ಹೆಚ್ಚಾಗಬಹುದು. ಎರಡನೆಯದು ನಿತ್ಯದ ಮಾತ್ರೆಗಳು: ರಕ್ತ ತೆಳುಗೊಳಿಸುವ ವಾರ್ಫರಿನ್‌ನಂಥವುಗಳ ಜೊತೆ ಸಿಬಿಡಿ ಹೊಂದದು, ವೈದ್ಯರನ್ನು ಕೇಳಲೇಬೇಕು. ಮೂರನೆಯದು ಎಣ್ಣೆ ಮತ್ತು ಲೆಸಿಥಿನ್‌ನ ಮೂಲ, ನಾಲ್ಕನೆಯದು ಜೆಲಟಿನ್. ಸಕ್ಕರೆಯ ಸರದಿ ಕೊನೆಗೆ. ಬಸುರಿಯರಿಗೆ, ಮಕ್ಕಳಿಗೆ ಈ ಆಯ್ಕೆಯೇ ಇಲ್ಲ, ಅವರು ಇವನ್ನು ತಿನ್ನಲೇಬಾರದು. ಅಮೆರಿಕದ ವಿಷಮಾಹಿತಿ ಕೇಂದ್ರಗಳಿಗೆ ಆರು ವರ್ಷದೊಳಗಿನ ಮಕ್ಕಳು ಗಾಂಜಾ ತಿನಿಸು ತಿಂದ ಪ್ರಕರಣಗಳು 2017ರಲ್ಲಿ 207 ಬಂದಿದ್ದರೆ 2021ರಲ್ಲಿ 3,054 ಬಂದವು. ಹಣ್ಣು, ಪ್ರಾಣಿಗಳ ಆಕಾರದ ಗಮ್ಮಿಯನ್ನು ಕೊಲರಾಡೊ 2017ರಲ್ಲೇ ನಿಲ್ಲಿಸಿದೆ. ‘ವೀಗನ್’ ಎಂಬುದಕ್ಕೆ ಪೊಟ್ಟಣದಲ್ಲಿ ಮೀಸಲಿಟ್ಟ ಜಾಗದಲ್ಲಿ ‘ಎರಡು ಗಂಟೆ ಕಾಯದೆ ಎರಡನೆಯದನ್ನು ತಿನ್ನಬೇಡಿ, ಜಿಡ್ಡಿನ ಊಟದ ಮೇಲೆ ಪರಿಣಾಮ ಹೆಚ್ಚಾಗಬಹುದು’ ಎಂದು ಅಷ್ಟೇ ದಪ್ಪ ಅಕ್ಷರದಲ್ಲಿ ಮುದ್ರಿಸಲು ತಯಾರಕರಿಗೆ ಹೆಚ್ಚಿನ ಖರ್ಚೇನೂ ಆಗದು.