ಬೇಲಿಯ ಬೆಲೆ

ವಿಜಯನಗರ, ಬಸವೇಶ್ವರನಗರದ ಬೈಕ್ ಪ್ರಿಯರಿಗೆ ಭಾನುವಾರ ಬೆಳಗಾಗುವುದು ಬಿಡದಿಯಲ್ಲಿ. ತಟ್ಟೆ ಇಡ್ಲಿ, ಬಿಸಿ ಕಾಫಿ, ಸಾಲಾಗಿ ನಿಲ್ಲಿಸಿದ ಬೈಕುಗಳ ಸುತ್ತ ಮುಗಿಯದ ವಾದ: ಯಾವುದರ ಪಿಕಪ್ ಹೆಚ್ಚು, ಯಾವ ಟೈರ್ ಎಷ್ಟು ದಿನ ಬರುತ್ತದೆ. ಆ ದಾರಿ ಈಗ ಮೊದಲಿನಂತಿಲ್ಲ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯೇ ಗತಿ. ಅದಕ್ಕೂ ಮೊದಲು, 2022ರ ಜನವರಿಯಲ್ಲಿ, ನೈಸ್ ರಸ್ತೆಯಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಬೈಕುಗಳ ಓಡಾಟ ನಿಷೇಧವಾಯಿತು. ಎರಡಕ್ಕೂ ಕಾರಣ ಅಪಘಾತಗಳು. ಕೆಂಗೇರಿಯ ಆಚೆ ವೇಗದ ಹುಚ್ಚಿಗೆ ಸುಲಭವಾಗಿ ಸಿಗುತ್ತಿದ್ದ ಎರಡು ರಸ್ತೆಗಳು ಹೀಗೆ ಕೈತಪ್ಪಿದವು.

ದುಡ್ಡು ಕೊಟ್ಟು ಓಡಿಸುವ ಜಾಗ ಇರುವುದು ತಮಿಳುನಾಡಿನಲ್ಲಿ. ಬೈಕ್ ರೇಸಿನ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯುವಂಥ ಡಾಂಬರು ಟ್ರ್ಯಾಕ್ ಕರ್ನಾಟಕದಲ್ಲಿಲ್ಲ. ಶ್ರೀಪೆರಂಬದೂರಿನ ಬಳಿ ಇರುಂಗಾಟ್ಟುಕೋಟೈನಲ್ಲಿ 3.7 ಕಿಲೋಮೀಟರಿನ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಇದೆ, ಕೊಯಮತ್ತೂರಿನಲ್ಲಿ 2.1 ಕಿಲೋಮೀಟರಿನ ಕರಿ ಮೋಟರ್ ಸ್ಪೀಡ್‌ವೇ ಇದೆ. ಹಾಗೆಂದು ಕನ್ನಡ ನಾಡಿನಲ್ಲಿ ಸವಾರರಿಗೆ ಬರವಿಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ್‍ಯಾಲಿ ಪೂರ್ಣಗೊಳಿಸಿದ ಮೊದಲ ಭಾರತೀಯ. ಇದೇ ಊರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ರ್‍ಯಾಲಿ ವಿಶ್ವಕಪ್‌ನ ಮಹಿಳಾ ಪ್ರಶಸ್ತಿ ಗೆದ್ದರು. ಉಡುಪಿಯ ಕೆ.ಪಿ. ಅರವಿಂದ್ ಅವರನ್ನು ಬಿಗ್ ಬಾಸ್ ನೋಡಿದವರೆಲ್ಲ ಬಲ್ಲರು. ಅವರ ಕಸುಬೂ ರ್‍ಯಾಲಿಯೇ. ಮೂವರೂ ಹೆಸರು ಮಾಡಿದ್ದು ಮಣ್ಣು, ಮರಳಿನಲ್ಲಿ. ಗುಡ್ಡ, ತೋಟ, ಕೆರೆಯಂಗಳದಲ್ಲಿ ಅಭ್ಯಾಸ ನಡೆಸಬಹುದು. ಡಾಂಬರಿನ ಮೇಲಿನ ರೇಸಿಗೆ ಹಾಗಲ್ಲ, ಯಾರಾದರೂ ಟ್ರ್ಯಾಕ್ ಕಟ್ಟಿಡಬೇಕು.

ಹಾಗಾಗಿ ರಾಜಾಜಿನಗರದ ಹುಡುಗನೊಬ್ಬನಿಗೆ ರೋಡ್ ರೇಸಿಂಗ್ ಹತ್ತಿಕೊಂಡಿತೆಂದರೆ ಮೊದಲ ಖರ್ಚು ದಾರಿಯದು. ಬೈಕನ್ನು ಗಾಡಿಗೆ ಹೇರಿಕೊಂಡು ಹೋಗಿ ಬರಲು ಒಟ್ಟು ಸುಮಾರು 600 ಕಿಲೋಮೀಟರು. ಆಮೇಲೆ ಪ್ರವೇಶ ಶುಲ್ಕ, ಲೈಸೆನ್ಸು, ಮೆಕ್ಯಾನಿಕ್‌ನ ದಿನಗೂಲಿ, ಲಾಡ್ಜು. ಮೈಗೆ ಚರ್ಮದ ಸೂಟು, ಬೆನ್ನಿಗೆ ಕವಚ, ಗ್ಲೌಸು, ಬೂಟು. ಹೆಲ್ಮೆಟ್ಟಿನ ಮಾತು ಬೇರೆಯೇ: ಒಮ್ಮೆ ಜೋರಾಗಿ ನೆಲಕ್ಕೆ ಬಡಿಯಿತೆಂದರೆ ಹೊರಗೆ ಗೀರು ಕಾಣದಿದ್ದರೂ ಒಳಗಿನ ಫೋಮ್ ಅಮುಕಿಹೋಗಿರುತ್ತದೆ, ಹೊಸದನ್ನೇ ಕೊಳ್ಳಬೇಕು. ಪೀಣ್ಯ, ಕಾಮಾಕ್ಷಿಪಾಳ್ಯದ ಲೇತ್ ಅಂಗಡಿಗಳಲ್ಲಿ ಬುಷ್, ಫುಟ್‌ಪೆಗ್, ಆಕ್ಸೆಲ್ ಸ್ಪೇಸರ್‌ಗಳನ್ನು ಅಗ್ಗಕ್ಕೆ ಕಡೆಸಿಕೊಳ್ಳಬಹುದು. ಹೆಲ್ಮೆಟ್ಟನ್ನು ಹಾಗೆ ಮಾಡಿಸಿಕೊಳ್ಳಲು ಬರುವುದಿಲ್ಲ.

ತೆರಿಗೆಯೂ ಇಲ್ಲಿ ಗೆರೆ ಎಳೆದಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು; ಅದಕ್ಕಿಂತ ದೊಡ್ಡವುಗಳ ಮೇಲೆ ಸೆಸ್ ಸೇರಿ ಇದ್ದ ಶೇ 31 ಹೋಗಿ ಶೇ 40 ಬಂತು. ಅಪಾಚೆ, ಆರ್‌15ರಂಥ ಗಾಡಿಗಳು ಅಗ್ಗವಾದವು, 648 ಸಿಸಿಯ ಕಾಂಟಿನೆಂಟಲ್ ಜಿಟಿ ತುಟ್ಟಿಯಾಯಿತು. ಕಲಿಯುವವರ ಮಟ್ಟಿಗೆ ಈ ಗೆರೆ ಸರಿಯಾದ ಕಡೆಗೇ ಬಿದ್ದಿದೆ. ಚಿಕ್ಕ ಎಂಜಿನ್ನಿನಲ್ಲಿ ತಿರುವನ್ನು ಹಿಡಿಯಲು ಕಲಿಯದವನು ದೊಡ್ಡ ಎಂಜಿನ್ನಿನಲ್ಲಿ ಕಲಿಯುವುದು ನೇರ ರಸ್ತೆಯನ್ನು ಮಾತ್ರ.

ಕಂಪನಿಗಳು ಈ ಹೊರೆಯನ್ನು ಇಳಿಸುವ ಒಂದು ದಾರಿಯನ್ನು ಆಗಲೇ ಹುಡುಕಿಕೊಂಡಿವೆ. ಟಿವಿಎಸ್ 1994ರಲ್ಲಿ ಒನ್ ಮೇಕ್ ಚಾಂಪಿಯನ್‌ಷಿಪ್ ಶುರುಮಾಡಿತು. ರಾಯಲ್ ಎನ್‌ಫೀಲ್ಡ್ 2021ರಲ್ಲಿ ಕಾಂಟಿನೆಂಟಲ್ ಜಿಟಿ ಕಪ್ ತಂದಿತು. ಎಲ್ಲರಿಗೂ ಒಂದೇ ಬೈಕ್, ಒಂದೇ ಟ್ಯೂನಿಂಗ್. ಅಪ್ಪನ ಜೇಬಿನ ಆಳ ಲ್ಯಾಪ್ ಟೈಮಿನಲ್ಲಿ ಕಾಣುವುದಿಲ್ಲ. ನೋಡುಗನಿಗೂ ಲಾಭವೇ. ಹತ್ತು ಹನ್ನೆರಡು ಬೈಕುಗಳು ಒಂದರ ಬಾಲ ಒಂದು ಹಿಡಿದು ಕೊನೆಯ ತಿರುವಿಗೆ ನುಗ್ಗುವ ಸೊಗಸು ದುಬಾರಿ ಬೈಕುಗಳ ರೇಸಿನಲ್ಲಿ ಸಿಗುವುದು ಅಪರೂಪ.

ಬೈಕಿನ ಖರ್ಚನ್ನು ಹೀಗೆ ಹಂಚಿಕೊಳ್ಳಬಹುದು. ರೇಸಿನ ನಿಜವಾದ ದುಬಾರಿ ಬಾಬತ್ತು ಬೈಕಲ್ಲ. ತಿರುವಿನ ಹೊರಗಿನ ಖಾಲಿ ಜಾಗ, ಜಲ್ಲಿಯ ಹಾಸು, ಗಾಳಿ ತುಂಬಿದ ತಡೆಗೋಡೆ, ಬಾವುಟ ಹಿಡಿದ ಮಾರ್ಷಲ್‌ಗಳು, ಆಂಬುಲೆನ್ಸು, ವೈದ್ಯರು, ಇವೆಲ್ಲದರ ಮೇಲೆ ವಿಮೆ. 2023ರ ಫೆಬ್ರುವರಿಯಲ್ಲಿ ಉತ್ತರ ಐರ್ಲೆಂಡಿನಲ್ಲಿ ಆದದ್ದು ಇದಕ್ಕೆ ಸಾಕ್ಷಿ. ಅಲ್ಲಿ ಊರ ರಸ್ತೆಗಳನ್ನೇ ಮುಚ್ಚಿ ರೇಸ್ ನಡೆಸುವ ಹಳೆಯ ಪರಂಪರೆ ಇದೆ. ಆ ವರ್ಷ ಸಾರ್ವಜನಿಕ ಹೊಣೆಗಾರಿಕೆಯ ವಿಮಾ ಕಂತು ಸುಮಾರು ಮೂರು ಪಟ್ಟಾಯಿತು. ಕಟ್ಟಲಾಗದ ಸಂಘಟಕರು ಇಡೀ ಋತುವಿನ ರೇಸುಗಳನ್ನು ಕೈಬಿಡುವುದಾಗಿ ಹೇಳಿದರು. ರಸ್ತೆ ರೇಸಷ್ಟೇ ಅಲ್ಲ, ಮೋಟೊಕ್ರಾಸ್ ಕೂಡ. ಅಭಿಮಾನಿಗಳು ಚಂದಾ ಎತ್ತಿದ ಮೇಲೆ ಮೇ ತಿಂಗಳ ಪ್ರಸಿದ್ಧ ನಾರ್ತ್ ವೆಸ್ಟ್ 200 ಉಳಿಯಿತು. ಸುರಕ್ಷತೆಯ ಲೆಕ್ಕ ತಪ್ಪಿದರೆ ಶತಮಾನ ಕಂಡ ಆಟವೂ ಒಂದೇ ಪತ್ರಿಕಾ ಪ್ರಕಟಣೆಯಲ್ಲಿ ನಿಂತುಹೋಗಬಹುದು.

ಅದೇ ವರ್ಷದ ಆಗಸ್ಟ್ 5 ಬೆಂಗಳೂರಿನವರು ಮರೆಯಲಾಗದ ದಿನ. ಇರುಂಗಾಟ್ಟುಕೋಟೈನಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಮೂರನೇ ಸುತ್ತು. ಬೆಳಿಗ್ಗೆ ಪೋಲ್ ಪೊಸಿಷನ್ ಗಳಿಸಿದ್ದ ನಮ್ಮೂರಿನ ಶ್ರೇಯಸ್ ಹರೀಶ್ ರೂಕಿ ವಿಭಾಗದ ಓಟದಲ್ಲಿ ಮೊದಲ ತಿರುವಿನಿಂದ ಹೊರಬರುವಾಗ ಬಿದ್ದ, ತಲೆಗೆ ಪೆಟ್ಟಾಗಿ ತೀರಿಕೊಂಡ. ವಯಸ್ಸು 13. ವಾರಾಂತ್ಯದ ಉಳಿದ ಓಟಗಳು ರದ್ದಾದವು.

ಯುರೋಪಿನಲ್ಲಿ ಇದೇ ನೋವು ಎರಡು ವರ್ಷ ಮೊದಲೇ ಬಂದಿತ್ತು. 2021ರ ಜುಲೈನಲ್ಲಿ ಅರಾಗೋನ್‌ನಲ್ಲಿ 14ರ ಹ್ಯೂಗೊ ಮಿಲಾನ್, ಸೆಪ್ಟೆಂಬರಿನಲ್ಲಿ ಹೆರೆಸ್‌ನಲ್ಲಿ 15ರ ಡೀನ್ ಬೆರ್ಟಾ ವಿನ್ಯಾಲೆಸ್ ಅಸುನೀಗಿದರು. ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಐಎಂ ಆ ಅಕ್ಟೋಬರಿನಲ್ಲೇ ನಿಯಮ ಬಿಗಿ ಮಾಡಿತು: 2023ರಿಂದ ಕಿರಿಯರ ಟ್ಯಾಲೆಂಟ್ ಕಪ್‌ಗಳಿಗೆ ಕನಿಷ್ಠ 14 ವರ್ಷ, ವಿಶ್ವ ಚಾಂಪಿಯನ್‌ಷಿಪ್‌ನ ಮೋಟೊ3 ವಿಭಾಗಕ್ಕೆ 18; ಕಿರಿಯರ ಓಟದಲ್ಲಿ ಒಮ್ಮೆಗೆ 30ಕ್ಕಿಂತ ಹೆಚ್ಚು ಬೈಕು ಸಲ್ಲ. ಶ್ರೇಯಸ್‌ನ ವಯಸ್ಸಿನ ಹುಡುಗ 2023ರಲ್ಲಿ ಯುರೋಪಿನ ಟ್ಯಾಲೆಂಟ್ ಕಪ್‌ನಲ್ಲಿ ಗ್ರಿಡ್‌ಗೆ ಬರುವಂತೆಯೇ ಇರಲಿಲ್ಲ. ವಯಸ್ಸಿನ ಮಿತಿಗೆ ಟ್ರ್ಯಾಕ್ ಅಗೆಯಬೇಕಿಲ್ಲ, ಕೋಟಿ ಸುರಿಯಬೇಕಿಲ್ಲ. ಇಂಥ ಅಗ್ಗದ ಕ್ರಮಗಳೂ ಸುರಕ್ಷತೆಯಲ್ಲಿವೆ.

ಇಷ್ಟೆಲ್ಲ ಸವಾರನ ಮಾತು. ಬೇಲಿಯ ಆಚೆ ನಿಂತವನ ಗತಿ? ಗಂಟೆಗೆ 150 ಕಿಲೋಮೀಟರು ಎಂದರೆ ಸೆಕೆಂಡಿಗೆ ಸುಮಾರು 42 ಮೀಟರು. ಆ ವೇಗದಲ್ಲಿ ಬಿದ್ದ ಬೈಕು ಏನೂ ಅಡ್ಡ ಬರದಿದ್ದರೆ ನೂರು ಮೀಟರಿಗೂ ಹೆಚ್ಚು ಜಾರಿ ಹೋಗಬಲ್ಲದು. ವೇಗ ಎರಡು ಪಟ್ಟಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟು. 1907ರಿಂದ ನಡೆದುಬಂದಿರುವ ಐಲ್ ಆಫ್ ಮ್ಯಾನ್ ಟಿಟಿಯಲ್ಲಿ ಜನ ಸುಮಾರು 60 ಕಿಲೋಮೀಟರಿನ ಊರ ರಸ್ತೆಯುದ್ದಕ್ಕೂ ಮನೆಯ ಕಾಂಪೌಂಡು, ಬೇಲಿ, ದಿಬ್ಬಗಳ ಮೇಲೆ ಕೂತು ನೋಡುತ್ತಾರೆ. 2007ರಲ್ಲಿ ಅಲ್ಲಿ ಒಬ್ಬ ಸವಾರನ ಜೊತೆ ಇಬ್ಬರು ಪ್ರೇಕ್ಷಕರೂ ಸತ್ತರು. 2013ರಲ್ಲಿ ಬ್ರೇ ಹಿಲ್ ಇಳಿಜಾರಿನಲ್ಲಿ ಬಿದ್ದ ಬೈಕಿನ ಚೂರುಗಳು ಸಿಡಿದು ಸುಮಾರು ಹತ್ತು ಮಂದಿ ಗಾಯಗೊಂಡರು. ಇಂದು ಅಲ್ಲಿ ಎಲ್ಲಿ ನಿಲ್ಲಬಾರದು ಎಂಬುದಕ್ಕೇ ಉದ್ದದ ಪಟ್ಟಿ ಇದೆ.

ನಮ್ಮಲ್ಲೂ ಉದಾಹರಣೆ ಇದೆ, ಅದು ಕಾರಿನದು. 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ಬಾಡಮೇರ್‌ನಲ್ಲಿ ರ್‍ಯಾಲಿಗೆಂದು ಮುಚ್ಚಿದ್ದ ರಸ್ತೆಗೆ ಮೋಟಾರ್ ಸೈಕಲ್ಲೊಂದು ಬಂದು, ಸ್ಪರ್ಧೆಯ ಕಾರು ಡಿಕ್ಕಿಯಾಗಿ ಗಂಡ, ಹೆಂಡತಿ, ಮಗ ಮೂವರೂ ಸತ್ತರು. ಅವರು ರ್‍ಯಾಲಿ ನೋಡಲು ಬಂದವರೂ ಅಲ್ಲ.

ಬೇಲಿಗೆ ಹಣವಿಲ್ಲ ಎಂದು ರೇಸ್ ನಿಂತರೆ ವೇಗದ ಆಸೆ ನಿಲ್ಲುವುದಿಲ್ಲ. ಅದು ರಿಂಗ್ ರಸ್ತೆಗೆ, ಮೈಸೂರು ರಸ್ತೆಗೆ, ಮಾಗಡಿ ರಸ್ತೆಗೆ ಇಳಿಯುತ್ತದೆ. ಅಲ್ಲಿ ಮಾರ್ಷಲ್ ಇಲ್ಲ, ಟಿಕೆಟ್ ಇಲ್ಲ. ರಸ್ತೆ ದಾಟುತ್ತಿರುವ ಹೂವಾಡಗಿತ್ತಿಯೂ ಬಸ್ಸಿಗೆ ಕಾಯುತ್ತಿರುವ ಶಾಲಾ ಹುಡುಗಿಯೂ ಕೇಳದೆಯೇ ಪ್ರೇಕ್ಷಕರಾಗುತ್ತಾರೆ. ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ಇಂಥ ರೇಸಿಗೆ ಮೊದಲ ಸಲ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷ ಅಥವಾ 10,000 ರೂಪಾಯಿವರೆಗೆ, ಇಲ್ಲವೇ ಎರಡೂ. ಒಳ್ಳೆಯದೊಂದು ಹೆಲ್ಮೆಟ್ಟಿನ ಬೆಲೆ ಈ ದಂಡಕ್ಕಿಂತ ಹೆಚ್ಚು. ಪುಕ್ಕಟೆ ರಸ್ತೆಯ ಸೆಳೆತ ಎಷ್ಟೆಂದು ಈ ಒಂದು ಹೋಲಿಕೆಯೇ ಹೇಳುತ್ತದೆ.

ಇದರರ್ಥ ರಾಜ್ಯ ಸರ್ಕಾರ ನೂರಾರು ಕೋಟಿಯ ಸರ್ಕ್ಯೂಟ್ ಕಟ್ಟಲಿ ಎಂದಲ್ಲ. ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟಿನಲ್ಲಿ 2023ರ ಸೆಪ್ಟೆಂಬರಿನಲ್ಲಿ ಮೋಟೊಜಿಪಿ ನಡೆಯಿತು, ಮಾರ್ಕೊ ಬೆಜೆಕಿ ಗೆದ್ದರು, ಮರುವರ್ಷ ಆ ರೇಸ್ ಮರಳಿ ಬರಲಿಲ್ಲ. ಬೆಂಗಳೂರಿಗೆ ಬೇಕಾದದ್ದು ಅದರ ಹತ್ತನೇ ಒಂದು ಪಾಲೂ ಅಲ್ಲ. ಕಾರ್ಟಿಂಗ್ ಟ್ರ್ಯಾಕಿನಷ್ಟು ಜಾಗದಲ್ಲಿ 160 ಸಿಸಿಯ ಮಿನಿಜಿಪಿ ಬೈಕುಗಳು ಓಡುತ್ತವೆ. ವೇಗ ಕಡಿಮೆ, ಬಿದ್ದರೆ ಜಾರುವ ದೂರ ಕಡಿಮೆ, ಬೇಲಿಯ ಉದ್ದವೂ ಕಡಿಮೆ. ತಿಂಗಳಿಗೊಂದು ಭಾನುವಾರ ಇಂಥ ಟ್ರ್ಯಾಕನ್ನು ಬಾಡಿಗೆಗೆ ಹಿಡಿದು, ಆಂಬುಲೆನ್ಸ್ ಮತ್ತು ಮಾರ್ಷಲ್‌ಗಳ ಖರ್ಚನ್ನು ಬೈಕ್ ಕಂಪನಿಗಳು ಹೊತ್ತರೆ ವಿಜಯನಗರದ ಹುಡುಗ ಹೊಸೂರು ದಾಟುವ ಮೊದಲು ಇಲ್ಲೇ ಪಳಗಬಹುದು. ಒನ್ ಮೇಕ್ ರೇಸಿನಲ್ಲಿ ಬೈಕ್ ಕೊಡುವ ಕಂಪನಿಗಳಿಗೆ ಇದು ದೊಡ್ಡ ಬಾಬತ್ತಲ್ಲ.

ಜನ ಸೇರುವ ಕಡೆ ಲೆಕ್ಕ ತಪ್ಪಿದರೆ ಏನಾಗುತ್ತದೆಂದು ಈ ಊರಿಗೆ ಬೇರೆ ಯಾರೂ ಕಲಿಸಬೇಕಿಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಆ ಆಗಸ್ಟಿನಲ್ಲೇ ವಿಧಾನಸಭೆಯಲ್ಲಿ ಜನಸಂದಣಿ ನಿಯಂತ್ರಣ ಮಸೂದೆ ಮಂಡನೆಯಾಯಿತು. ಮುಂದೆ ಯಾವ ರೇಸ್ ನಡೆಸಿದರೂ ಪ್ರೇಕ್ಷಕರ ಹೊಣೆ ಸಂಘಟಕರ ಖರ್ಚಿನ ಪಟ್ಟಿಯಲ್ಲಿ ಮೊದಲ ಸಾಲಿಗೆ ಬರಬೇಕಾಗುತ್ತದೆ. ಟಿಕೆಟ್ ದರ ಏರಿದರೆ ಗೊಣಗುವ ಮೊದಲು ಆ ಸಾಲನ್ನು ನೋಡುವುದು ಒಳ್ಳೆಯದು.

ಇರುಂಗಾಟ್ಟುಕೋಟೈಗೆ ಮೊದಲ ಸಲ ಹೋಗುವವರಿಗೆ ಒಂದಿಷ್ಟು ಕಿವಿಮಾತು. ಬಿದ್ದ ಬೈಕು ತಿರುವಿನ ಹೊರಕ್ಕೆ, ತಾನು ಹೊರಟ ನೇರಕ್ಕೆ ಜಾರುತ್ತದೆ. ಆದ್ದರಿಂದ ತಿರುವಿನ ಒಳಬದಿ, ಇಲ್ಲವೇ ಹೊರಬದಿಯಾದರೆ ಖಾಲಿ ಜಾಗ ದಾಟಿ ಎತ್ತರದಲ್ಲಿರುವ ಗ್ಯಾಲರಿ ಆರಿಸಿಕೊಳ್ಳಿ. ಬ್ರೇಕ್ ಹಾಕುವ ಜಾಗದಲ್ಲಿ ಕೂತರೆ ಓವರ್‌ಟೇಕ್ ಹೆಚ್ಚು ಕಾಣುತ್ತವೆ. ತಂತಿಬೇಲಿಗೆ ಮೊಬೈಲ್ ಒತ್ತಿ ವಿಡಿಯೊ ತೆಗೆಯಬೇಡಿ, ಮಕ್ಕಳನ್ನು ಬೇಲಿಯ ಮೇಲೆ ಕೂರಿಸಬೇಡಿ. ಮಾರ್ಷಲ್ ಹಿಂದೆ ಸರಿಯಿರಿ ಎಂದರೆ ವಾದ ಮಾಡದೆ ಸರಿಯಿರಿ. ಹಳದಿ ಬಾವುಟ ಯಾವ ತಿರುವಿನಲ್ಲಿ ಎದ್ದಿದೆ ಎಂಬುದು ನಿಮಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ. ದೊಡ್ಡ ಬೈಕುಗಳ ಓಟಕ್ಕೆಂದು ತಡವಾಗಿ ಹೋಗಬೇಡಿ, ರೂಕಿಗಳ ಓಟ ಶುರುವಾಗುವ ಹೊತ್ತಿಗೇ ಅಲ್ಲಿರಿ.